ಗೇಟಿನಲ್ಲಿ ನಿಂತ ಸುದ್ದಿ ಒಳಮನೆ ಸೇರಿದ ಬಗೆ

ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಹತ್ತಿರವಾಗಿ, ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಶನಿವಾರಸಂತೆ ಎಂಬ ಊರಿದೆ. ತಾಲ್ಲೂಕಿನ ಹೆಸರಿನಲ್ಲೂ ಒಂದು ವಾರ, ಈ ಊರಿನ ಹೆಸರಿನಲ್ಲೂ ಒಂದು ವಾರ. ಸಂತೆ ಎಂದರೆ ಕೇವಲ ಒಣಮೀನು, ಹಸಿಮೆಣಸು, ಬಟ್ಟೆಬರೆಯ ವ್ಯಾಪಾರವಲ್ಲ. ಮನೆಮನೆಗೂ ಫೋನು ಬರುವ ಮೊದಲು ಅದು ಸುದ್ದಿಯ ಅಂಚೆಕಚೇರಿಯೂ ಆಗಿತ್ತು. ಬಟವಾಡೆ ಪಡೆದ ಕೂಲಿಯವರು, ಗದ್ದೆಯವರು, ತೋಟದವರು ಎಲ್ಲರೂ ಒಂದೇ ಜಾಗದಲ್ಲಿ ಸೇರುವ ದಿನ ಅದು. ಮಗಳಿಗೆ ಹೆರಿಗೆಯಾಯಿತು, ಮಾವನಿಗೆ ಮೈ ಸರಿಯಿಲ್ಲ, ಆನೆ ಗದ್ದೆಗಿಳಿದಿದೆ ಎಂಬಂಥ ಸುದ್ದಿಗಳು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿ ಸಂಜೆಯೊಳಗೆ ಊರೂರು ಸೇರುತ್ತಿದ್ದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಸುದ್ದಿ ತಂದವನು ಮನೆಯ ಒಳಗೆ ಹೋಗಲೇಬೇಕೆಂದಿಲ್ಲ. ತೋಟದ ಗೇಟಿನಲ್ಲಿ ನಿಂತು ಕಾವಲಿನವನಿಗೆ ಹೇಳಿ ಹೊರಟುಹೋಗುತ್ತಾನೆ. ಕಾವಲಿನವನು ಮೇಸ್ತ್ರಿಗೆ, ಮೇಸ್ತ್ರಿ ರೈಟರಿಗೆ, ರೈಟರು ಸಾಹುಕಾರರಿಗೆ ಮುಟ್ಟಿಸಬೇಕು. ಆಮೇಲೆ ಒಳಮನೆಯಿಂದ ಅಪ್ಪಣೆ ಹೊರಡಬೇಕು. ನಡುವೆ ಒಬ್ಬ ಮರೆತರೂ ಸುದ್ದಿ ಗೇಟಿನಲ್ಲೇ ಉಳಿಯುತ್ತದೆ.

ನಮ್ಮ ಮೈಯೊಳಗೆ ಜ್ವರ ಬಂದಾಗ ನಡೆಯುವುದೂ ಹೆಚ್ಚುಕಡಿಮೆ ಇದೇ. ರೋಗಾಣು ಹೊಕ್ಕ ಜೀವಕೋಶ ತಾನು ಅಪಾಯದಲ್ಲಿದ್ದೇನೆಂದು ನೆರೆಯ ಕೋಶಗಳಿಗೆ ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನು ಹೊತ್ತೊಯ್ಯುವ ಸಣ್ಣ ಪ್ರೋಟೀನುಗಳಿಗೆ ಸೈಟೊಕೈನ್ ಎಂದು ಹೆಸರು. ಅವು ಕೋಶದ ಹೊರಗೋಡೆಯವರೆಗೆ ಮಾತ್ರ ಬರುತ್ತವೆ. ಆದರೆ ಅಪ್ಪಣೆ ಹೊರಡಬೇಕಾದದ್ದು ಕೋಶದ ನಡುವೆ ಇನ್ನೊಂದು ಪೊರೆಯೊಳಗಿರುವ ಕೋಶಕೇಂದ್ರದಿಂದ. ಹೊರಗೆ ನಿಂತ ಸುದ್ದಿ ಒಳಮನೆಯನ್ನು ಸೇರುವುದು ಹೇಗೆ? ಈ ಒಂದು ಪ್ರಶ್ನೆಗೆ ಉತ್ತರ ಕಾಣಲು ವಿಜ್ಞಾನಿಗಳಿಗೆ ಸುಮಾರು ಮೂವತ್ತೈದು ವರ್ಷ ಹಿಡಿಯಿತು. ಆ ಕಥೆಯ ಒಂದು ಎಳೆ ನಮ್ಮ ಮಲೆನಾಡಿನ ಕಾಡಿಗೂ ತಾಗುತ್ತದೆ.

ಒಂದೇ ವರ್ಷ, ಎರಡು ಆರಂಭ

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿತು. ಅದಾದ ಕೆಲವೇ ತಿಂಗಳಿಗೆ, 1957ರ ಬೇಸಿಗೆಯ ಹೊತ್ತಿಗೆ, ಅದೇ ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಕಾಡಿಗೆ ಸೌದೆಗೆ, ದರಗಿಗೆ ಹೋಗಿಬಂದವರು ತೀವ್ರ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ರಕ್ತಸ್ರಾವವಾಯಿತು. ಕೆಲವರು ಉಳಿಯಲಿಲ್ಲ.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಜ್ವರವೆಂದರೆ ಆಗ ವೈದ್ಯಲೋಕಕ್ಕೆ ಮೊದಲು ನೆನಪಾಗುತ್ತಿದ್ದದ್ದು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿತೇ ಎಂಬ ಗಾಬರಿಯಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಓಡಿಬಂತು. ಆ ಕೇಂದ್ರ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರಂಭವಾಗಿತ್ತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟನಾದ ಹೊಸ ವೈರಸ್ಸು ಅದಾಗಿತ್ತು. ಕಾಡಿನ ಉಣುಗು ಅದನ್ನು ಹರಡುತ್ತಿತ್ತು. ವೈದ್ಯಗ್ರಂಥಗಳಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಜನರಿಗೆ ಮಂಗನ ಕಾಯಿಲೆ.

ಅದೇ 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಪ್ರಯೋಗಾಲಯವೊಂದರಲ್ಲಿ ಸ್ಕಾಟ್ಲೆಂಡಿನ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜ್ಯಾನ್ ಲಿಂಡನ್‌ಮನ್ ಎಂಬ ಇಬ್ಬರು ಕೋಳಿಮೊಟ್ಟೆಯ ಪೊರೆಯ ಚೂರುಗಳ ಮೇಲೆ ಪ್ರಯೋಗ ನಡೆಸಿದ್ದರು. ಶಾಖದಿಂದ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಆ ಪೊರೆಗೆ ಸೋಂಕಿಸಿ, ಅದು ನೆನೆದಿದ್ದ ದ್ರವವನ್ನು ತೆಗೆದು ಹೊಸ ಪೊರೆಗೆ ಹಾಕಿದರು. ಹೊಸ ಪೊರೆಯ ಮೇಲೆ ಜೀವಂತ ವೈರಸ್ಸು ಬೆಳೆಯಲಿಲ್ಲ! ಸೋಂಕು ತಗುಲಿದ ಕೋಶಗಳು ಏನನ್ನೋ ಹೊರಬಿಟ್ಟು ಇತರ ಕೋಶಗಳನ್ನು ಎಚ್ಚರಿಸಿದ್ದವು. ವೈರಸ್ಸಿನ ಬೆಳವಣಿಗೆಯಲ್ಲಿ ಅಡ್ಡ ಬರುವ ಆ ವಸ್ತುವಿಗೆ ಅವರು ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಜಪಾನಿನ ನಗಾನೊ ಮತ್ತು ಕೊಜಿಮಾ ಎಂಬವರು 1954ರಲ್ಲೇ ಇಂಥದೊಂದು ಅಂಶವನ್ನು ಗುರುತಿಸಿದ್ದರು. ಆದರೆ ಜಗತ್ತಿನಲ್ಲಿ ನಿಂತದ್ದು ಇಂಟರ್‌ಫೆರಾನ್ ಎಂಬ ಹೆಸರು.

ಮೊದಮೊದಲು ಅನೇಕರು ಇದನ್ನು ನಂಬಲಿಲ್ಲ. ದ್ರವದಲ್ಲಿ ಇಂಟರ್‌ಫೆರಾನ್ ಇದ್ದದ್ದು ಅತ್ಯಲ್ಪ. ಶುದ್ಧರೂಪದಲ್ಲಿ ತೋರಿಸಲು ಯಾರಿಗೂ ಆಗಿರಲಿಲ್ಲ. ಐಸಾಕ್ಸ್ 1967ರಲ್ಲಿ ತಮ್ಮ 45ನೆಯ ವಯಸ್ಸಿನಲ್ಲೇ ತೀರಿಕೊಂಡರು. ಮುಂದೆ ಫಿನ್ಲೆಂಡಿನ ಕಾರಿ ಕಾಂಟೆಲ್ ದಾನಿಗಳ ರಕ್ತದ ಬಿಳಿಕಣಗಳಿಂದ ಇಂಟರ್‌ಫೆರಾನನ್ನು ಸಂಗ್ರಹಿಸುವ ದಾರಿ ಕಂಡುಕೊಂಡರು. 1980ರ ಹೊತ್ತಿಗೆ ಅದರ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೇಕಾದಷ್ಟು ತಯಾರಿಸುವುದು ಸಾಧ್ಯವಾಯಿತು. ವಸ್ತು ಕೈಗೆ ಸಿಕ್ಕಿದ ಮೇಲೆ ನಿಜವಾದ ಪ್ರಶ್ನೆ ಎದ್ದಿತು.

ಹೊರಗೇ ನಿಲ್ಲುವ ದೂತ

ಹಾರ್ಮೋನುಗಳಲ್ಲಿ ಸ್ಟಿರಾಯ್ಡ್ ಎಂಬ ಗುಂಪಿನವು ಕೊಬ್ಬಿನಲ್ಲಿ ಕರಗುತ್ತವೆ. ಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಅವು ಸಲೀಸಾಗಿ ದಾಟಿ ಒಳಗೆ ಹೋಗಿ ಜೀನುಗಳನ್ನು ಮುಟ್ಟಬಲ್ಲವು. ಇಂಟರ್‌ಫೆರಾನ್ ಹಾಗಲ್ಲ. ಅದೊಂದು ಪ್ರೋಟೀನು; ಪೊರೆಯನ್ನು ದಾಟಲಾರದು. ಕೋಶದ ಮೈಮೇಲೆ ಅದಕ್ಕೆಂದೇ ಇರುವ ಗ್ರಾಹಿ ಎಂಬ ಪ್ರೋಟೀನಿಗೆ ಬೀಗಕ್ಕೆ ಕೀಲಿಕೈ ಕೂಡಿದಂತೆ ಕೂಡಿಕೊಳ್ಳುವುದಷ್ಟೇ ಅದರ ಕೆಲಸ.

ಆದರೂ ಒಳಗೆ ಕೆಲಸ ಬೇಗ ಆಗುತ್ತದೆ. 1984ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡಾರ್ನೆಲ್ ಅವರ ತಂಡ, ಇಂಟರ್‌ಫೆರಾನ್ ಹಾಕಿದ ಕೆಲವೇ ನಿಮಿಷಗಳಲ್ಲಿ ಕೋಶಕೇಂದ್ರದ ಕೆಲವು ಜೀನುಗಳು ಎಚ್ಚರಗೊಳ್ಳುವುದನ್ನು ತೋರಿಸಿತು. ಅದಕ್ಕಾಗಿ ಕೋಶ ಹೊಸ ಪ್ರೋಟೀನನ್ನು ತಯಾರಿಸಬೇಕಾಗಿಯೂ ಇರಲಿಲ್ಲ. ಅಂದರೆ ಸುದ್ದಿ ಒಯ್ಯುವವನು ಮೊದಲೇ ಜಗುಲಿಯ ಮೇಲೆ ಕಾದು ಕುಳಿತಿದ್ದಾನೆ. ಗೇಟಿನಲ್ಲಿ ಸದ್ದಾದೊಡನೆ ಎದ್ದು ಓಡುತ್ತಾನೆ. ಅವನು ಯಾರು?

ಡಾರ್ನೆಲ್ ತಂಡ ಹಿಡಿದದ್ದು ಹಿಂದಿನಿಂದ ಮುಂದೆ ಬರುವ ದಾರಿ. ಎಚ್ಚರಗೊಂಡ ಜೀನುಗಳ ಪಕ್ಕದ ಡಿಎನ್ಎ ತುಣುಕಿಗೆ ಯಾವ ಪ್ರೋಟೀನು ಬಂದು ಅಂಟಿಕೊಳ್ಳುತ್ತದೆಂದು ಹುಡುಕುವುದು. ಅಪಾರ ಪ್ರಮಾಣದಲ್ಲಿ ಕೋಶಗಳನ್ನು ಬೆಳೆಸಿ, ಅವುಗಳಿಂದ ಆ ಪ್ರೋಟೀನನ್ನು ಹನಿಹನಿಯಾಗಿ ಸೋಸಿ ತೆಗೆದರು. 1992ರಲ್ಲಿ ಅದರ ಗುರುತು ಸಿಕ್ಕಿತು. ಅವುಗಳಿಗೆ ಮುಂದೆ ಸ್ಟ್ಯಾಟ್ ಎಂಬ ಹೆಸರಾಯಿತು.

ದಾರಿ ಕೆಡಿಸಿ ದಾರಿ ಕಂಡವರು

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಾರ್ಕ್, ಇಯಾನ್ ಕೆರ್ ಮತ್ತು ಸಾಂಡ್ರಾ ಪೆಲೆಗ್ರೀನಿ ಬೇರೊಂದು ಉಪಾಯ ಹೂಡಿದರು. ಅದರ ಜಾಣ್ಮೆ ಸಾಮಾನ್ಯ ಓದುಗರಿಗೂ ರುಚಿಸುವಂಥದು.

ಮನುಷ್ಯನ ಗೆಡ್ಡೆಯೊಂದರಿಂದ ತೆಗೆದ ಕೋಶಗಳಿಗೆ ಅವರು ಒಂದು ಹೊಸ ಜೀನನ್ನು ಸೇರಿಸಿದರು. ಇಂಟರ್‌ಫೆರಾನಿನ ಸುದ್ದಿ ಕೋಶಕೇಂದ್ರವನ್ನು ಮುಟ್ಟಿದರೆ ಮಾತ್ರ ಆ ಜೀನು ಕೆಲಸ ಮಾಡುವಂತೆ ಏರ್ಪಾಡು ಮಾಡಿದ್ದರು. ಆ ಜೀನು ಕೆಲಸ ಮಾಡಿದರೆ ಒಂದು ರಾಸಾಯನಿಕ ಕೋಶಕ್ಕೆ ವಿಷವಾಗುತ್ತದೆ. ಆಮೇಲೆ ಕೋಶಗಳಲ್ಲಿ ಅಲ್ಲಲ್ಲಿ ಜೀನುಗಳು ಕೆಡುವಂತೆ ಮಾಡಿ, ಇಂಟರ್‌ಫೆರಾನನ್ನೂ ಆ ವಿಷವನ್ನೂ ಒಟ್ಟಿಗೆ ಹಾಕಿದರು. ಸುದ್ದಿ ಒಳಗೆ ಮುಟ್ಟಿದ ಕೋಶಗಳೆಲ್ಲ ಸತ್ತವು. ಬದುಕಿ ಉಳಿದವು ಸುದ್ದಿಯ ದಾರಿ ಎಲ್ಲೋ ಮುರಿದಿದ್ದ ಕೋಶಗಳು ಮಾತ್ರ.

ಮಳೆಗಾಲದಲ್ಲಿ ಬಸ್ಸು ಬಾರದಿದ್ದರೆ ಯಾವ ಸೇತುವೆ ಮುರಿದಿದೆ ಎಂದು ವಿಚಾರಿಸುತ್ತೇವಲ್ಲ, ಹಾಗೆ ಒಂದೊಂದು ಕೋಶದಲ್ಲೂ ಯಾವ ಕೊಂಡಿ ಕಳಚಿದೆ ಎಂದು ಅವರು ಹುಡುಕಿದರು. ಒಳ್ಳೆಯ ಜೀನನ್ನು ಮರಳಿ ಸೇರಿಸಿದಾಗ ದಾರಿ ಮತ್ತೆ ತೆರೆದರೆ ಅದೇ ಕಳಚಿದ ಕೊಂಡಿ. 1989ರಲ್ಲಿ ಇಂಥ ಮೊದಲ ಕೋಶಗಳು ಸಿಕ್ಕವು. 1992ರಲ್ಲಿ ಮೊದಲ ಕೊಂಡಿಯ ಗುರುತಾಯಿತು. ಟಿಕ್2 ಎಂಬ ಕಿಣ್ವ ಅದು.

ಟಿಕ್2ನ ಸೋದರ ಕಿಣ್ವಗಳನ್ನು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಆಂಡ್ರ್ಯೂ ವಿಲ್ಕ್ಸ್ ಅದಕ್ಕೆ ಮೊದಲೇ ಕಂಡಿದ್ದರು. ಆಗ ಅವುಗಳ ಕೆಲಸವೇನೆಂದು ತಿಳಿದಿರಲಿಲ್ಲ. ಇಂಥ ಕಿಣ್ವಗಳು ಆ ಕಾಲಕ್ಕೆ ಒಂದರ ಹಿಂದೊಂದು ಸಿಗುತ್ತಿದ್ದುದರಿಂದ, ‘ಇದೂ ಮತ್ತೊಂದು’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಜ್ಯಾಕ್ ಎಂದು ತಮಾಷೆಗೆ ಕರೆದರು. ಮುಂದೆ ಅದೇ ಹೆಸರಿಗೆ ಗಂಭೀರವಾದ ಅರ್ಥ ಹಚ್ಚಲಾಯಿತು. ರೋಮನ್ನರ ಪುರಾಣದಲ್ಲಿ ಜೇನಸ್ ಎಂಬ ಬಾಗಿಲ ದೇವರಿದ್ದಾನೆ. ಅವನಿಗೆ ಎರಡು ಮುಖ. ಈ ಕಿಣ್ವಕ್ಕೂ ಒಂದನ್ನೊಂದು ಹೋಲುವ ಎರಡು ಭಾಗಗಳಿವೆ. ಒಂದು ಭಾಗ ಕೆಲಸ ಮಾಡುತ್ತದೆ, ಇನ್ನೊಂದು ಅದಕ್ಕೆ ಕಡಿವಾಣ ಹಾಕುತ್ತದೆ. ತಮಾಷೆಗೆ ಇಟ್ಟ ಹೆಸರು ಬಾಗಿಲಲ್ಲೇ ನಿಲ್ಲುವ ಕಿಣ್ವಕ್ಕೆ ಹೇಳಿಮಾಡಿಸಿದಂತೆ ಕೂಡಿಬಂತು.

ನ್ಯೂಯಾರ್ಕಿನವರು ಕೊನೆಯಿಂದ, ಲಂಡನ್ನಿನವರು ನಡುವಿನಿಂದ ಹುಡುಕುತ್ತ ಬಂದು ಒಂದೇ ದಾರಿಯಲ್ಲಿ ಸಂಧಿಸಿದರು. ಕೆಟ್ಟ ಕೋಶಗಳ ಒಂದೊಂದು ಗುಂಪಿನಲ್ಲೂ ಒಂದೊಂದು ಜ್ಯಾಕ್ ಅಥವಾ ಸ್ಟ್ಯಾಟ್ ಕಾಣೆಯಾಗಿತ್ತು. 1994ರಲ್ಲಿ ಡಾರ್ನೆಲ್, ಕೆರ್ ಮತ್ತು ಸ್ಟಾರ್ಕ್ ಮೂವರೂ ಸೇರಿ ಬರೆದ ಪ್ರಬಂಧದಲ್ಲಿ ಇಡೀ ದಾರಿಯ ನಕ್ಷೆ ಸಿದ್ಧವಾಯಿತು.

ದಾರಿಯ ನಕ್ಷೆ

ಆ ನಕ್ಷೆ ಹೀಗಿದೆ. ಗ್ರಾಹಿಯು ಕೋಶದ ಪೊರೆಯನ್ನು ತೂರಿ ನಿಂತಿರುತ್ತದೆ. ತಲೆ ಹೊರಗೆ, ಬಾಲ ಒಳಗೆ. ಬಾಲಕ್ಕೆ ಜ್ಯಾಕ್ ಕಿಣ್ವ ಅಂಟಿಕೊಂಡಿರುತ್ತದೆ. ಸೈಟೊಕೈನ್ ಬಂದು ಕೂತೊಡನೆ ಎರಡು ಗ್ರಾಹಿಗಳು ಹತ್ತಿರ ಸರಿಯುತ್ತವೆ. ಅವುಗಳ ಬಾಲಕ್ಕಂಟಿದ ಜ್ಯಾಕ್‌ಗಳು ಎದುರುಬದುರಾಗಿ ಒಂದನ್ನೊಂದು ಎಬ್ಬಿಸುತ್ತವೆ. ಎಚ್ಚೆತ್ತ ಜ್ಯಾಕ್ ಮಾಡುವ ಕೆಲಸ ಒಂದೇ, ಮೊಹರು ಒತ್ತುವುದು. ಫಾಸ್ಫೇಟ್ ಎಂಬ ರಾಸಾಯನಿಕ ತುಣುಕೇ ಆ ಮೊಹರು. ಮೊದಲು ಅದು ಗ್ರಾಹಿಯ ಬಾಲದ ಮೇಲೆ ಬೀಳುತ್ತದೆ.

ಕೋಶದ್ರವದಲ್ಲಿ ಸುಮ್ಮನೆ ತಿರುಗಾಡಿಕೊಂಡಿದ್ದ ಸ್ಟ್ಯಾಟ್ ಪ್ರೋಟೀನಿಗೆ ಆ ಮೊಹರನ್ನು ಗುರುತಿಸುವ ಒಂದು ಕೈ ಇದೆ. ಅದು ಬಂದು ಹಿಡಿದುಕೊಳ್ಳುತ್ತದೆ. ಆಗ ಜ್ಯಾಕ್ ಅದಕ್ಕೂ ಮೊಹರು ಒತ್ತುತ್ತದೆ. ಸ್ಟ್ಯಾಟ್1 ಎಂಬುದು 750 ಅಮೈನೊ ಆಮ್ಲಗಳ ಸರಪಳಿ. ಮೊಹರು ಬೀಳುವುದು ಅದರಲ್ಲಿ ಸರಿಯಾಗಿ 701ನೆಯದರ ಮೇಲೆ. ಮೊಹರಾದ ಇಬ್ಬರು ಸ್ಟ್ಯಾಟ್‌ಗಳು ಒಬ್ಬರ ಮೊಹರನ್ನು ಇನ್ನೊಬ್ಬರು ಹಿಡಿದು ಜೋಡಿಯಾಗುತ್ತಾರೆ. ಜೋಡಿಯಾದ ಮೇಲೆಯೇ ಅವರು ಕೋಶಕೇಂದ್ರದ ಬಾಗಿಲು ದಾಟಿ, ತಮಗೆ ಸೇರಿದ ಜೀನಿನ ಪಕ್ಕದಲ್ಲಿ ಕೂತು ಅದನ್ನು ಎಬ್ಬಿಸುವುದು.

ಸಂತೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ತೋಟದಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ, ಅಪ್ಪಣೆ ಕೊಡುವವರು ಬೇರೆಯೇ ಇದ್ದಾರೆ. ಕೋಶದಲ್ಲಿ ಗೇಟಿನ ಬಳಿ ಮೊಹರು ಹಾಕಿಸಿಕೊಂಡ ಆಳೇ ಒಳಮನೆಗೆ ಹೋಗಿ, ಯಜಮಾನನ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಾನೆ! ಹೊರಗಿನ ಸಂಕೇತಗಳು ಒಳಗಿನ ಹಲವು ಮಧ್ಯವರ್ತಿಗಳನ್ನು ದಾಟಿಯೇ ಜೀನನ್ನು ಮುಟ್ಟುತ್ತವೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಇಷ್ಟು ನೇರವಾದ ದಾರಿಯೊಂದು ಇದೆಯೆಂಬುದೇ ದೊಡ್ಡ ಸುದ್ದಿಯಾಯಿತು.

ಮನುಷ್ಯನಲ್ಲಿ ಜ್ಯಾಕ್ ಕುಟುಂಬದವು ನಾಲ್ಕು, ಸ್ಟ್ಯಾಟ್‌ಗಳು ಏಳು. ಇಷ್ಟೇ ಆಳುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಐವತ್ತಕ್ಕೂ ಹೆಚ್ಚು ಸಂಕೇತಗಳ ಸುದ್ದಿಯನ್ನು ಕೋಶಗಳು ನಿಭಾಯಿಸುತ್ತವೆ. ಎಲ್ಲ ಸೈಟೊಕೈನ್‌ಗಳೂ ಇದೇ ದಾರಿ ಹಿಡಿಯುತ್ತವೆಂದಲ್ಲ. ಟಿಎನ್‌ಎಫ್ ಎಂಬ ಇನ್ನೊಂದು ಮುಖ್ಯ ಸೈಟೊಕೈನಿನ ಸುದ್ದಿ ಒಯ್ಯುವ ಪ್ರೋಟೀನು ಬೇರೆ. ಅದನ್ನು 1986ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಅದಕ್ಕೆ ಸದಾ ಒಂದು ಬೇಡಿ ತೊಡಿಸಿರುತ್ತದೆ. ಸುದ್ದಿ ಬಂದಾಗ ಬೇಡಿ ಕಳಚುತ್ತದೆ.

ಶುರುವಾದದ್ದು ನಿಲ್ಲಲೂ ಬೇಕಲ್ಲ? ಅದಕ್ಕೂ ವ್ಯವಸ್ಥೆಯಿದೆ. ಮೊಹರು ಅಳಿಸುವ ಕಿಣ್ವಗಳುಂಟು. ಅಲ್ಲದೆ ಸ್ಟ್ಯಾಟ್ ಎಬ್ಬಿಸುವ ಜೀನುಗಳಲ್ಲೇ ಕೆಲವು, ಗೇಟಿಗೆ ಹೋಗಿ ಜ್ಯಾಕ್‌ನ ಬಾಯಿ ಮುಚ್ಚಿಸುವ ಪ್ರೋಟೀನನ್ನು ತಯಾರಿಸುತ್ತವೆ. 1997ರಲ್ಲಿ ಮೆಲ್ಬರ್ನ್ ಮತ್ತು ಜಪಾನಿನ ತಂಡಗಳು ಒಟ್ಟೊಟ್ಟಿಗೆ ಇದನ್ನು ಕಂಡವು.

ಒಂದು ಕೊಂಡಿ ಕಳಚಿದರೆ

ಇದೆಲ್ಲ ಪ್ರಯೋಗಾಲಯದ ಮಾತಾಯಿತು, ನಮಗೇನು ಎಂದು ಕೇಳಬಹುದು. ರಕ್ತದ ಬಿಳಿಕಣಗಳಲ್ಲಿ ಈ ದಾರಿ ಮುರಿದರೆ ಏನಾಗುತ್ತದೆಂಬುದನ್ನು ಕೆಲವು ಮಕ್ಕಳ ಬದುಕೇ ತೋರಿಸಿತು.

ಟಿ ಕೋಶ ಎಂಬ ಬಿಳಿಕಣಗಳು ಬೆಳೆದು ಹೆಚ್ಚಬೇಕಾದರೆ ಇಂಟರ್‌ಲ್ಯೂಕಿನ್ ಗುಂಪಿನ ಸೈಟೊಕೈನ್‌ಗಳ ಸುದ್ದಿ ಬೇಕು. ಆ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಜ್ಯಾಕ್3. ಹುಟ್ಟಿನಿಂದಲೇ ಯಾವ ಸೋಂಕನ್ನೂ ತಡೆಯಲಾಗದೆ ನರಳುವ ಕೆಲವು ಶಿಶುಗಳಲ್ಲಿ ಈ ಜ್ಯಾಕ್3ರ ಜೀನೇ ಕೆಟ್ಟಿದೆಯೆಂದು 1995ರಲ್ಲಿ ತಿಳಿಯಿತು. ಇನ್ನು ಕೆಲವರಲ್ಲಿ ಕೆಟ್ಟದ್ದು ಗ್ರಾಹಿಯ ಜೀನು. ಅದು 1993ರಲ್ಲೇ ಗೊತ್ತಾಗಿತ್ತು. ಮಾತೃಕೋಶಗಳಿದ್ದ ಅಸ್ಥಿಮಜ್ಜೆಯನ್ನು ಬೇರೆಯವರಿಂದ ಪಡೆದು ಕಸಿ ಮಾಡದಿದ್ದರೆ ಇಂಥ ಮಕ್ಕಳು ಬದುಕುವುದು ದುಸ್ತರ.

ಇನ್ನೊಂದು ಉದಾಹರಣೆ ನಮ್ಮ ಮನೆಬಾಗಿಲಿನದು. ನಮ್ಮ ದೇಶದಲ್ಲಿ ಹುಟ್ಟಿದ ಕೂಸಿಗೆ ಕ್ಷಯರೋಗ ತಡೆಯಲು ಬಿಸಿಜಿ ಚುಚ್ಚುತ್ತಾರೆ. ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯ ಅದರಲ್ಲಿರುತ್ತದೆ. ಸಾಮಾನ್ಯ ಮಕ್ಕಳಿಗೆ ಅದರಿಂದ ತೋಳಿನ ಮೇಲೊಂದು ಕಲೆಯಷ್ಟೆ. ಆದರೆ ಅತಿ ಅಪರೂಪವಾಗಿ ಕೆಲವು ಮಕ್ಕಳಲ್ಲಿ ಅದೇ ಬ್ಯಾಕ್ಟೀರಿಯ ಮೈಯೆಲ್ಲ ಹರಡಿ ಪ್ರಾಣಕ್ಕೆ ತರುತ್ತದೆ. ಕಾರಣವೇನೆಂದು ಹುಡುಕಿದಾಗ 1996ರಲ್ಲಿ ಗಾಮಾ ಇಂಟರ್‌ಫೆರಾನಿನ ಗ್ರಾಹಿಯ ದೋಷ ಸಿಕ್ಕಿತು. 2001ರಲ್ಲಿ ಸ್ಟ್ಯಾಟ್1ರ ದೋಷವೂ ಸಿಕ್ಕಿತು. ಕ್ಷಯದ ಬ್ಯಾಕ್ಟೀರಿಯವನ್ನು ನುಂಗಿ ಅರಗಿಸುವ ಬಿಳಿಕಣಕ್ಕೆ ‘ಅರಗಿಸು’ ಎಂಬ ಸುದ್ದಿ ತರುವುದು ಈ ಗಾಮಾ ಇಂಟರ್‌ಫೆರಾನೇ. ಸುದ್ದಿ ಗೇಟಿನಲ್ಲೇ ನಿಂತರೆ ಬಿಳಿಕಣ ಬ್ಯಾಕ್ಟೀರಿಯವನ್ನು ನುಂಗಿಯೂ ಕೊಲ್ಲಲಾರದೆ ಅದಕ್ಕೆ ಮನೆಯಾಗಿಬಿಡುತ್ತದೆ.

ದಾರಿ ಕಡಿಯುವ ವೈರಸ್ಸು

ಈಗ ಮತ್ತೆ ಕ್ಯಾಸನೂರಿಗೆ ಬರೋಣ. ಇಂಟರ್‌ಫೆರಾನಿನ ಸುದ್ದಿ ಮುಟ್ಟಿದ ಕೋಶ ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಅವುಗಳಿಂದ ಹುಟ್ಟುವ ಪ್ರೋಟೀನುಗಳಲ್ಲಿ ಕೆಲವು ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸಲು ನೆರವಾಗುತ್ತವೆ. ಕೆಲವು ಕೋಶದ ಪ್ರೋಟೀನು ತಯಾರಿಯನ್ನೇ ನಿಲ್ಲಿಸಿ ವೈರಸ್ಸಿಗೆ ಉಪವಾಸ ಹಾಕುತ್ತವೆ. ಇಷ್ಟು ಒಳ್ಳೆಯ ಕಾವಲಿದ್ದೂ ಮಂಗನ ಕಾಯಿಲೆ, ಡೆಂಗೆಯಂಥ ಜ್ವರಗಳು ನಮ್ಮನ್ನು ಕೆಡವುವುದೇಕೆ?

ಉತ್ತರ, ವೈರಸ್ಸೂ ಈ ದಾರಿಯನ್ನು ಬಲ್ಲದು. ಡೆಂಗೆ ವೈರಸ್ಸಿನಲ್ಲಿ ಎನ್ಎಸ್5 ಎಂಬ ಪ್ರೋಟೀನಿದೆ. ತನ್ನ ಆರ್‌ಎನ್‌ಎಯ ಪ್ರತಿ ತೆಗೆಯುವುದು ಅದರ ಮುಖ್ಯ ಕಸುಬು. ಉಪಕಸುಬಾಗಿ ಅದು ಸ್ಟ್ಯಾಟ್2ನ್ನು ಹಿಡಿದು ಕೋಶದ ಕಸದ ವ್ಯವಸ್ಥೆಗೇ ಒಪ್ಪಿಸಿ ನಾಶ ಮಾಡಿಸುತ್ತದೆ. ಜಗುಲಿಯಲ್ಲಿ ಕಾದಿದ್ದ ಆಳೇ ಇಲ್ಲವಾದ ಮೇಲೆ ಸುದ್ದಿ ಒಯ್ಯುವವರು ಯಾರು?

ಮಂಗನ ಕಾಯಿಲೆಯ ವೈರಸ್ಸಿನ ನೆಂಟನೂ ಉಣ್ಣೆಯಿಂದಲೇ ಹರಡುವಂಥದೂ ಆದ ಲಾಂಗಟ್ ಎಂಬ ವೈರಸ್ಸನ್ನು ಅಮೆರಿಕದ ಸೋನ್ಯಾ ಬೆಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಅದರ ಎನ್ಎಸ್5 ಕೂಡ ಜ್ಯಾಕ್-ಸ್ಟ್ಯಾಟ್ ದಾರಿಯನ್ನು ತಡೆಯುತ್ತದೆಂದು 2005ರಲ್ಲಿ ತೋರಿಸಿದರು. ತಂತ್ರ ಮಾತ್ರ ಬೇರೆ. ಗ್ರಾಹಿಯು ಕೋಶದ ಮೈಮೇಲೆ ಸರಿಯಾಗಿ ಬಂದು ನಿಲ್ಲದಂತೆಯೇ ಅದು ನೋಡಿಕೊಳ್ಳುತ್ತದೆಂದು 2015ರಲ್ಲಿ ಗೊತ್ತಾಯಿತು. ಡೆಂಗೆ ಆಳನ್ನು ಕೊಂದರೆ, ಇದು ಗೇಟನ್ನೇ ಕೀಳುತ್ತದೆ. ಕ್ಯಾಸನೂರು ವೈರಸ್ಸಿನ ಎನ್ಎಸ್5 ಸಹ ಇಂಟರ್‌ಫೆರಾನಿನ ಸುದ್ದಿಯನ್ನು ಅಡಗಿಸಬಲ್ಲದೆಂದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡಿದೆ. 1957ರಲ್ಲಿ ಬೇರೆ ಬೇರೆ ಭೂಖಂಡಗಳಲ್ಲಿ ಆರಂಭವಾದ ಎರಡು ಕಥೆಗಳು ಹೀಗೆ ಅರ್ಧ ಶತಮಾನದ ಬಳಿಕ ಒಂದೇ ಕೋಶದೊಳಗೆ ಎದುರಾದವು.

ಇದರ ಅರ್ಥ ಕಾಡಂಚಿನಲ್ಲಿ ಬದುಕುವವರಿಗೆ ಸಣ್ಣದಲ್ಲ. ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟವಾದ ಔಷಧಿಯಿಲ್ಲ. ರೋಗಿಗೆ ನೀರಿನಂಶ, ರಕ್ತಸ್ರಾವ, ಜ್ವರ ಇವುಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ. ಮಲೆನಾಡಿನಲ್ಲಿ ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಕಾಯಿಲೆಯೂ ಹುಟ್ಟಿದ ಕಡೆಯೇ ಕೂತಿಲ್ಲ. ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಕಂಡ ಸಾವುಗಳನ್ನು ಆ ಸೀಮೆಯವರು ಮರೆತಿಲ್ಲ. 2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ಕೊಡಗಿಗೆ ಹೊಂದಿಕೊಂಡಿರುವ ವಯನಾಡಿನಲ್ಲಿ, ಉತ್ತರಕ್ಕೆ ಗೋವಾ ಮತ್ತು ಸಿಂಧುದುರ್ಗದಲ್ಲಿ ಅದು ಕಾಣಿಸಿಕೊಂಡಿತು. ಘಟ್ಟದ ಸಾಲು ಒಂದೇ. ಉಣುಗಿಗೆ ಜಿಲ್ಲೆಯ ಗಡಿಯ ಗೊಡವೆಯಿಲ್ಲ.

ಸುದ್ದಿ ಹೆಚ್ಚಾದರೂ ಕಷ್ಟ

ದಾರಿ ಮುರಿದರೆ ಒಂದು ಬಗೆಯ ಕಷ್ಟ, ಸುದ್ದಿ ನಿಲ್ಲದೆ ಹರಿದರೆ ಇನ್ನೊಂದು ಬಗೆಯದು. ಸಂಧಿವಾತದಲ್ಲಿ ಬಿಳಿಕಣಗಳು ಶತ್ರುವಿಲ್ಲದೆಯೂ ಸೈಟೊಕೈನ್ ಸುರಿಸುತ್ತ ಕೀಲುಗಳನ್ನು ಸವೆಸುತ್ತವೆ. ಜ್ಯಾಕ್2ರ ಸರಪಳಿಯಲ್ಲಿ 617ನೆಯ ಕೊಂಡಿಯೊಂದು ಬದಲಾದರೆ, ಸುದ್ದಿಯೇ ಬಾರದಿದ್ದರೂ ಅದು ಮೊಹರು ಒತ್ತುತ್ತಲೇ ಇರುತ್ತದೆ. ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಇದು ಪತ್ತೆಯಾದದ್ದು 2005ರಲ್ಲಿ.

ಹಾಗಾದರೆ ಜ್ಯಾಕ್‌ನ ಬಾಯಿ ಮುಚ್ಚಿಸುವ ಮಾತ್ರೆ ಮಾಡಬಹುದಲ್ಲ? ಮಾಡಿದರು. 2011ರಲ್ಲಿ ಅಸ್ಥಿಮಜ್ಜೆಯ ಒಂದು ಕಾಯಿಲೆಗೆ ರಕ್ಸೊಲಿಟಿನಿಬ್, 2012ರಲ್ಲಿ ಸಂಧಿವಾತಕ್ಕೆ ಟೊಫಾಸಿಟಿನಿಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಇವು ಮುಂದೆ ನಮ್ಮ ದೇಶದ ಔಷಧಿ ಅಂಗಡಿಗಳಿಗೂ ಬಂದವು. ಕೋವಿಡ್ ಕಾಲದಲ್ಲಿ ಕೇಳಿಬಂದ ‘ಸೈಟೊಕೈನ್ ಬಿರುಗಾಳಿ’ ಎಂಬ ಮಾತು ಅನೇಕರಿಗೆ ನೆನಪಿರಬಹುದು. ವೈರಸ್ಸಿಗಿಂತ ಮೈಯ ಸ್ವಂತ ಗದ್ದಲವೇ ಶ್ವಾಸಕೋಶವನ್ನು ಹಾಳುಮಾಡುವ ಆ ಘಟ್ಟದಲ್ಲಿ ಇದೇ ಗುಂಪಿನ ಬಾರಿಸಿಟಿನಿಬ್ ನೆರವಿಗೆ ಬಂತು. ಎರಡನೆಯ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ಭಾರತದಲ್ಲಿ ಅದರ ತುರ್ತು ಬಳಕೆಗೆ ಅನುಮತಿ ದೊರೆಯಿತು. ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಅದು ಸಾವನ್ನು ಕಡಿಮೆ ಮಾಡುತ್ತದೆಂದು ದೊಡ್ಡ ಪರೀಕ್ಷೆಗಳು ಮುಂದೆ ಖಚಿತಪಡಿಸಿದವು.

ಆದರೆ ಒಂದೇ ದಾರಿಯಲ್ಲಿ ಹಲವು ಸುದ್ದಿಗಳು ಓಡಾಡುತ್ತವೆ ಎಂಬುದನ್ನು ಮರೆಯುವಂತಿಲ್ಲ. ಕೀಲಿನ ನೋವನ್ನು ತಡೆಯಲು ಬಾಗಿಲು ಮುಚ್ಚಿದರೆ, ಕ್ಷಯವನ್ನು ಅರಗಿಸು ಎಂದು ಬರುವ ಸುದ್ದಿಯೂ ಹೊರಗೇ ಉಳಿಯಬಹುದು. ಈ ಮಾತ್ರೆಗಳನ್ನು ಕೊಡುವ ಮುನ್ನ ಒಳಗೆ ಅಡಗಿದ ಕ್ಷಯವಿದೆಯೇ ಎಂದು ವೈದ್ಯರು ಪರೀಕ್ಷಿಸುವುದು ಇದಕ್ಕೇ. ಸರ್ಪಸುತ್ತು ಕಾಣಿಸಿಕೊಳ್ಳುವುದೂ ಉಂಟು. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರಿನ ಅಪಾಯದ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಕರು 2021ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು. ಪರಿಚಯದವರಿಗೆ ವಾಸಿಯಾಯಿತೆಂದು ಅದೇ ಚೀಟಿ ಹಿಡಿದು ಅಂಗಡಿಗೆ ಹೋಗುವಂಥ ಮಾತ್ರೆಗಳಲ್ಲ ಇವು.

ಕೋಳಿಮೊಟ್ಟೆಯ ಪೊರೆಯ ಚೂರಿನಿಂದ ಔಷಧಿ ಅಂಗಡಿಯವರೆಗೆ ಬರಲು ಇಂಟರ್‌ಫೆರಾನಿನ ಸುದ್ದಿಗೆ ಅರ್ಧ ಶತಮಾನ ಬೇಕಾಯಿತು. ನಡುವೆ ದುಡಿದವರಿಗೆ ಮಾತ್ರೆ ಮಾಡುವ ಉದ್ದೇಶವಿರಲಿಲ್ಲ. ಗೇಟಿನಲ್ಲಿ ನಿಂತ ಮಾತು ಒಳಗೆ ಹೇಗೆ ಹೋಗುತ್ತದೆಂಬ ಕುತೂಹಲವಷ್ಟೇ ಇತ್ತು. ಹಾಗೆ ಸಿಕ್ಕ ನಕ್ಷೆ ಇಂದು ಕೀಲುನೋವಿನವರಿಗೆ ಔಷಧಿಯಾಗಿದೆ. ಕಾಡಂಚಿನ ಜ್ವರದವರಿಗೆ ಇನ್ನೂ ಆಗಿಲ್ಲ. ವೈರಸ್ಸು ಗೇಟನ್ನು ಎಲ್ಲಿ ಕೀಳುತ್ತದೆಂದು ಈಗ ಗೊತ್ತಾಗುತ್ತಿದೆ. ಅದನ್ನು ಮರಳಿ ನಿಲ್ಲಿಸುವ ಕೆಲಸ ಉಳಿದಿದೆ.

ಅಲ್ಲಿಯವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಮಲೆನಾಡಿನಲ್ಲಿ ಹಂಚುವ ಡೆಪಾ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಇವೇ ಕಾವಲು. ಇದರ ಜೊತೆಗೆ ಇನ್ನೊಂದಿದೆ. ಎಲ್ಲೇ ಆಗಲಿ ಮಂಗ ಸತ್ತು ಬಿದ್ದದ್ದು ಕಂಡರೆ, ಅದನ್ನು ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಸಂತೆಯಲ್ಲಿ ಸಿಕ್ಕವರ ಕಿವಿಯ ಮೇಲೂ ಹಾಕಬಹುದು. ಆ ಸುದ್ದಿ ಸಕಾಲದಲ್ಲಿ ಒಳಮನೆ ಸೇರಿದರೆ ಒಂದು ಊರು ಉಳಿಯುತ್ತದೆ.